ಎರಡನೇ ಚರಿಗೆ ನೀರು

ಅನ್ನ ಬಸಿದ ಗಂಜಿಯನ್ನು ಬಿಸಿಬಿಸಿಯಾಗಿ ನೆಲಕ್ಕೆ ಚೆಲ್ಲಬಾರದು ಎಂದು ಬಾಗೇವಾಡಿಯ ತವರಿನಲ್ಲಿ ಅವ್ವ ಕಲಿಸಿದ್ದಳು. ತಣ್ಣೀರು ಬೆರೆಸಿ, ಬೆರಳದ್ದಿ ನೋಡಿ, ಆಮೇಲೆ ಚೆಲ್ಲಬೇಕು. ನೆಲದೊಳಗೂ ಜೀವಗಳಿರುತ್ತವೆ. ಮದುವೆಯಾಗಿ ಮುದ್ದೇಬಿಹಾಳಕ್ಕೆ ಬಂದ ಮೇಲೂ ಹಾಗೇ ನಡೆದುಕೊಂಡೆ, ಒಂದೇ ಒಂದು ದಿನದ ಹೊರತು.

ಕಳೆದ ವರ್ಷ ಮಗಳ ಕಾಲೇಜಿನಲ್ಲಿ ಚರ್ಚಾಸ್ಪರ್ಧೆ ಇತ್ತು. ಯುದ್ಧದಲ್ಲಿ ಜಪಾನಿನ ಮೇಲೆ ಅಣುಬಾಂಬು ಹಾಕಿದ್ದು ಸರಿಯೋ ತಪ್ಪೋ ಎಂಬುದು ವಿಷಯ. ಚೀಟಿ ಎತ್ತಿದಾಗ ಇವಳಿಗೆ ‘ಸರಿ’ ಬಂದಿತ್ತು. ನಾನು ರೊಟ್ಟಿ ಬಡಿಯುತ್ತಿದ್ದರೆ ಪಕ್ಕದಲ್ಲಿ ಕೂತು ಗೋಳಾಡಿದಳು.

“ಯವ್ವಾ, ಸರಿ ಅಂತ ಹೆಂಗ ಹೇಳ್ಲಿ? ಒಂದ ಮಾತರ ಕೊಡು.”

“ಬೆಲ್ಲದ ಡಬ್ಬಿಗೆ ಇರುವಿ ಮುತ್ತಿದ್ದವಲ್ಲ, ಗೂಡಿಗೇ ಕುದಿಯೋ ನೀರ ಸುರುವಿದ್ನಿ. ಆಮ್ಯಾಲೆ ಒಂದರ ಬಂತೇನು? ಅದನ್ನ ಹೇಳು.”

“ಭಲೇ! ನೀ ವಕೀಲಕಿ ಆಗಬೇಕಿತ್ತ ಬಿಡು” ಎಂದು ನಗುತ್ತ ಬರೆದುಕೊಂಡಳು.

ಒಂದು ಸಂಗತಿ ಮಾತ್ರ ನಾನು ಹೇಳಲಿಲ್ಲ. ಮೊದಲ ಚರಿಗೆ ನೀರು ಬಿದ್ದಾಗ ಇರುವೆಗಳು ಬೆಲ್ಲ ಬಿಟ್ಟು, ಬಿಳಿಯ ತತ್ತಿಗಳನ್ನು ಬಾಯಲ್ಲಿ ಕಚ್ಚಿಕೊಂಡು ಓಡತೊಡಗಿದ್ದವು. ನೋಡಿಯೂ ಎರಡನೇ ಚರಿಗೆ ಸುರಿದಿದ್ದೆ.

ಸ್ಪರ್ಧೆಯ ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದೆ. ಎದುರು ಪಕ್ಷದಲ್ಲಿದ್ದವಳು ಮಗಳ ಗೆಳತಿಯೇ. “ಊರು ಸುಟ್ಟರೆ ತೊಟ್ಟಿಲ ಕೂಸೂ ಸುಡುತ್ತದೆ. ಅದು ಯಾವ ಯುದ್ಧ ಮಾಡಿತ್ತು?” ಎಂದು ಕೇಳಿದಳು. ನನ್ನ ಮಗಳು ತುಸು ತಡವರಿಸಿ ಇರುವೆಯ ಕಥೆ ಹೇಳಿದಳು. “ನಮ್ಮ ತಾಯಿ ಗೂಡಿಗೇ ನೀರು ಹಾಕಿದಳು, ಕಾಟ ಮುಗಿಯಿತು!” ಎಲ್ಲರೂ ನಕ್ಕು ಚಪ್ಪಾಳೆ ತಟ್ಟಿದರು. ನನ್ನ ಕೈ ಮೇಲೇಳಲಿಲ್ಲ. ಅವಳಿಗೆ ಮೊದಲ ಬಹುಮಾನವೆಂದು ಸ್ಟೀಲಿನ ತಂಬಿಗೆ ಬಂತು.

“ನಾ ಗೆದ್ದ ಬಂದ್ರೂ ನೀ ಮಾರಿ ಯಾಕ ಸಣ್ಣ ಮಾಡ್ಕೊಂಡಿ?” ಎಂದು ಆಟೋದಲ್ಲಿ ಮಗಳು ಕೇಳಿದಳು. ತತ್ತಿಗಳ ಸಂಗತಿ ಹೇಳಿಬಿಟ್ಟೆ.

ಅವಳು ಮಡಿಲಲ್ಲಿದ್ದ ತಂಬಿಗೆಯನ್ನು ಕೆಳಗಿಟ್ಟಳು. ಮನೆಯ ಬಾಗಿಲಲ್ಲಿ ಚಪ್ಪಲಿ ಬಿಡುತ್ತ, “ಆಕಿ ತೊಟ್ಟಿಲ ಕೂಸು ಅಂದಾಗ ನನ್ನ ಕಡೆ ಜವಾಬ ಇದ್ದಿದ್ದಿಲ್ಲ. ನಿನ್ನ ಇರುವಿ ಹೇಳಿ ಪಾರಾದ್ನಿ. ಮೊದ್ಲ ಹೇಳಬಾರದಾಗಿತ್ತಾ?” ಎಂದಳು.

“ನೀ ಗೆಲ್ಲಲಿ ಅಂತ...”

“ಗೆದ್ನಲ್ಲ.”

ಮರುದಿನ ಪೂಜೆಗೆ ಕೂತಾಗ ಅಂಗೈಯ ಲಿಂಗವನ್ನು ನೆಟ್ಟಗೆ ನೋಡಲಾಗಲಿಲ್ಲ. ದಿನಾ ದೇವರು ಮಾಡಿದ ಸಣ್ಣಪುಟ್ಟ ಉಪಕಾರ ಎಣಿಸುವವಳು ನಾನು. ಅಂದು ಒಂದೂ ನೆನಪಾಗಲಿಲ್ಲ. ಎದ್ದು ಬಂದರೆ ಹಿತ್ತಲ ಬಾಗಿಲಲ್ಲಿ ಮಗಳು ಕೂತಿದ್ದಳು. ಬಹುಮಾನದ ತಂಬಿಗೆಯಿಂದ ಗಂಜಿಗೆ ತಣ್ಣೀರು ಬೆರೆಸಿ, ಬೆರಳದ್ದಿ ನೋಡಿದಳು.

“ಇನ್ನೂ ಸುಡಾಕತ್ತೈತಿ” ಎಂದಳು, ತಿರುಗಿ ನೋಡದೆ.

ತಂಬಿಗೆ ಇಸಿದುಕೊಂಡು ಮತ್ತೆ ನೀರು ತುಂಬಿಕೊಟ್ಟೆ.