ಕೊಕ್ಕೊಲಾದ ಗುರುವಾರಗಳು

ತೆಲ್ಲೆರ್ವೊ ಕಾಲಯೊಕಿ ಎಂಬ ಸಣ್ಣ ಊರಿನ ಶಾಲೆಯಲ್ಲಿ ಇಪ್ಪತ್ತಾರು ವರ್ಷದಿಂದ ಅಡುಗೆ ಮಾಡುತ್ತಿದ್ದವಳು. ಗಂಡ ತೀರಿಹೋದ ಮೇಲೆ ಸಂಜೆಗೊಂದು ಲೋಟವೆಂದು ಶುರುವಾದ ವೋಡ್ಕಾ ಮೂರೇ ವರ್ಷದಲ್ಲಿ ಬೆಳಗಿನ ಕಾಫಿಯೊಳಕ್ಕೂ ಬಂತು. ಊರಿಗೆ ಗೊತ್ತಿಲ್ಲವೆಂದೇ ಅವಳು ನಂಬಿದ್ದಳು. ಒಂದು ದಿನ ಬಟಾಣಿ ಸೂಪಿಗೆ ಮೂರು ಸಲ ಉಪ್ಪು ಹಾಕಿಬಿಟ್ಟಳು. ಮಕ್ಕಳು ತಟ್ಟೆ ಹಾಗೇ ಬಿಟ್ಟು ಎದ್ದರು. ಯಾರೂ ಬೈಯಲಿಲ್ಲ, ಜೊತೆಯ ಅಡುಗೆಯವಳು ಬಂದು ಅವಳ ಕೈಯಿಂದ ಸೌಟನ್ನು ಮೆಲ್ಲಗೆ ಬಿಡಿಸಿಕೊಂಡಳು, ಅಷ್ಟೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಕುಡಿತ ಬಿಡುವವರ ಸಭೆಗಳ ಪಟ್ಟಿ ಅಂಟಿಸಿದ್ದರು. ಅವಳ ಊರಲ್ಲೂ ಒಂದು ಸಭೆ ನಡೆಯುತ್ತಿತ್ತು, ಆದರೆ ಅದರ ಮೆಟ್ಟಿಲು ಪೇಟೆಬೀದಿಗೇ ಇಳಿಯುತ್ತಿತ್ತು. ಅಲ್ಲಿ ಹತ್ತಿದರೆ ಮರುದಿನ ಊರೆಲ್ಲ ಸುದ್ದಿ. ಅವಳು ಕೊಕ್ಕೊಲಾ ಪಟ್ಟಣದ ಸಭೆಯ ವಿಳಾಸ ಬರೆದುಕೊಂಡಳು. ಗುರುವಾರ, ಸಂಜೆ ಆರು. ಬಸ್ಸಿನಲ್ಲಿ ಒಂದು ಗಂಟೆಯ ದಾರಿ.

ಮೊದಲ ವಾರ ಬಾಗಿಲವರೆಗೆ ಹೋಗಿ ವಾಪಸು ಬಂದಳು. ಎರಡನೆಯ ವಾರ ಒಳಗೆ ಕಾಲಿಟ್ಟರೆ, ಕಾಫಿ ಸೋಸುತ್ತ ನಿಂತಿದ್ದವನು ಅವಳದೇ ಶಾಲೆಯ ಕಾವಲು, ರಿಪೇರಿ ಎಲ್ಲ ನೋಡಿಕೊಳ್ಳುವ ತೈಸ್ತೊ! ಅವನ ಮುಖವೂ ಬಿಳಿಚಿಕೊಂಡಿತು. ಆಮೇಲೆ ಅವನೇ ಬಾಯಿ ಬಿಟ್ಟ.

"ಏನಮ್ಮ, ಅಡುಗೆಮನೆ ನಲ್ಲಿ ಮತ್ತೆ ಸೋರ್ತಾ ಇದೆಯಾ? ಅದಕ್ಕೆ ಇಲ್ಲಿವರೆಗೂ ನನ್ನ ಹುಡುಕ್ಕೊಂಡು ಬಂದ್ರಾ?"

ತೆಲ್ಲೆರ್ವೊ ನಗಲು ಹೋಗಿ ಅತ್ತುಬಿಟ್ಟಳು.

ಮುಂದಿನ ವಾರದಿಂದ ತೈಸ್ತೊನ ಕಾರಿನಲ್ಲೇ ಹೋಗಿಬರುವುದೆಂದಾಯಿತು. ಯಾರ ಕಣ್ಣಿಗೂ ಬೀಳಬಾರದೆಂದು ಅವಳು ಊರಾಚೆಯ ಪೆಟ್ರೋಲ್ ಬಂಕಿನ ಹಿಂದೆ ಹತ್ತಿ, ಅಲ್ಲೇ ಇಳಿಯುತ್ತಿದ್ದಳು. ಅವನು ಕುಡಿತ ಬಿಟ್ಟು ಆಗಲೇ ಹತ್ತು ವರ್ಷವಾಗಿತ್ತು. ಸಭೆಯ ವಿಷಯ ಹೆಂಡತಿಗೂ ಗೊತ್ತಿರಲಿಲ್ಲ.

"ಒಂದೇ ಏಟಿಗೆ ಬಿಟ್ಟೆ ಅಂತ ಅವಳ ಹತ್ರ ಜಂಬ ಕೊಚ್ಕೊಂಡಿದ್ದೀನಿ," ಎನ್ನುತ್ತಿದ್ದ. "ಈಗ ವಾರವಾರ ಯಾರದೋ ಕೈ ಹಿಡ್ಕೊಂಡು ನಿಲ್ತೀನಿ ಅಂತ ಹೆಂಗೆ ಹೇಳಲಿ? ಮರಗೆಲಸದ ಕ್ಲಾಸಿಗೆ ಹೋಗ್ತೀನಿ ಅಂದಿದ್ದೀನಿ."

ನಾಲ್ಕು ವರ್ಷ ಹೀಗೇ ನಡೆಯಿತು. ತೆಲ್ಲೆರ್ವೊ ಎರಡು ಸಲ ಜಾರಿದಳು; ಎರಡು ಸಲವೂ ಅವನು ಏನೂ ಕೇಳದೆ ಕಾರಿನ ಬಾಗಿಲು ತೆರೆದ. ನಡುವೆ ಅವನ ಹೆಂಡತಿ ಕ್ಯಾನ್ಸರಿನಲ್ಲಿ ತೀರಿಕೊಂಡಳು. ಈ ಫೆಬ್ರವರಿಯಲ್ಲಿ ಶಾಲೆಯ ಅಂಗಳದ ಹಿಮ ಎತ್ತುತ್ತಿದ್ದಾಗ ತೈಸ್ತೊ ಸಲಿಕೆಯ ಮೇಲೇ ಒರಗಿ ಬಿದ್ದ. ಡಾಕ್ಟರು ಬರುವಷ್ಟರಲ್ಲಿ ಮುಗಿದಿತ್ತು.

ಕೊಕ್ಕೊಲಾದ ಸಭೆಯಲ್ಲಿ ಅವನ ಮನೆತನದ ಹೆಸರು ಕೂಡ ಯಾರಿಗೂ ತಿಳಿದಿರಲಿಲ್ಲ. ಸುದ್ದಿ ಮುಟ್ಟಿಸಲು ತೆಲ್ಲೆರ್ವೊ ಬಸ್ಸು ಹತ್ತಬೇಕಾಯಿತು. ಸಭೆಯವರೆಲ್ಲ ಅಂತ್ಯಕ್ರಿಯೆಗೆ ಹೋದರೆ ಅವನು ಮುಚ್ಚಿಟ್ಟದ್ದು ಬಯಲಾಗುತ್ತದೆ. ಹೂವನ್ನಷ್ಟೇ ಕಳಿಸಿದರು.

ಮಣ್ಣು ಮಾಡಿದ ಮೇಲೆ ಚರ್ಚಿನ ಸಭಾಮನೆಯಲ್ಲಿ ಕಾಫಿ. ಹೂವಿನ ಜೊತೆ ಬಂದ ಚೀಟಿಗಳನ್ನು ತೈಸ್ತೊನ ಮಗಳು ಆನ್ನುಕ್ಕಾ ಒಂದೊಂದಾಗಿ ಓದುತ್ತಿದ್ದಳು. ಒಂದು ಚೀಟಿ ಎತ್ತಿಕೊಂಡು, "ಎಲ್ಲ ಗುರುವಾರಗಳಿಗಾಗಿ ನಿನಗೆ ಋಣಿ," ಎಂದು ಓದಿ ನಿಂತುಬಿಟ್ಟಳು. ಕೆಳಗೆ ಹೆಸರಿರಲಿಲ್ಲ. ಅವಳ ತುಟಿ ಬಿಗಿಯಾಯಿತು. ಚೀಟಿಯನ್ನು ಮಗುಚಿಟ್ಟು ಹೊರಗಿನ ಪಡಸಾಲೆಗೆ ನಡೆದಳು.

ತೆಲ್ಲೆರ್ವೊ ಹಿಂದೆಯೇ ಹೋದಳು.

"ನೀವು ಅಪ್ಪನ ಜೊತೆ ಕೆಲಸ ಮಾಡಿದವ್ರು, ನಿಮಗೂ ಗೊತ್ತಿರಬೇಕಲ್ಲ," ಎಂದಳು ಆನ್ನುಕ್ಕಾ. "ಇವತ್ತಿನ ದಿನವೂ ನಾಚಿಕೆ ಇಲ್ವಲ್ಲ ಅವಳಿಗೆ! ಅಷ್ಟು ವರ್ಷ ಮರಗೆಲಸ ಕಲಿತವ್ರು ಮನೆಗೆ ಒಂದು ಮಣೆ ತರಲಿಲ್ಲ. ಕಾರಲ್ಲಿ ಹೆಂಗಸನ್ನ ಕೂರಿಸ್ಕೊಂಡು ಹೋಗೋದನ್ನ ನೋಡಿದವ್ರು ಅಮ್ಮಂಗೆ ಹೇಳಿದ್ರು. ಅಮ್ಮ ಕೊನೇವರೆಗೂ ಬಾಯಿ ಬಿಡಲಿಲ್ಲ. ಗೋಡೆ ಕಡೆ ಮುಖ ಮಾಡ್ಕೊಂಡೇ ಹೋದ್ಲು."

ತೆಲ್ಲೆರ್ವೊಗೆ ಈಗ ಅರ್ಥವಾಯಿತು. ಪೆಟ್ರೋಲ್ ಬಂಕಿನ ಹಿಂದೆ ಕೊರಳಪಟ್ಟಿ ಏರಿಸಿಕೊಂಡು ಕಾಯುತ್ತಿದ್ದವಳು ತಾನೇ. ಇಲ್ಲಿ ನಿಜ ಹೇಳಿದರೆ ಒಳಗಿನ ನಲವತ್ತು ಜನಕ್ಕೆ ಸಂಜೆಯೊಳಗೆ ಗೊತ್ತಾಗುತ್ತದೆ. ಸಭೆಯಲ್ಲಿ ಕಂಡದ್ದನ್ನು ಸಭೆಯಲ್ಲೇ ಬಿಟ್ಟು ಬರಬೇಕೆಂಬ ಮಾತು ಬೇರೆ.

"ಆ ಹೆಂಗಸು ನಾನೇ ಕಣಮ್ಮ," ಎಂದಳು.

ಆನ್ನುಕ್ಕಾ ಒಂದು ಹೆಜ್ಜೆ ಹಿಂದೆ ಸರಿದಳು.

"ನಾನು ಕುಡುಕಿ. ಕುಡಿತ ಬಿಡೋರು ಗುರುವಾರ ಕೊಕ್ಕೊಲಾದಲ್ಲಿ ಸೇರ್ತಾರೆ, ಸುತ್ತ ಕುರ್ಚಿ ಹಾಕ್ಕೊಂಡು ಮಾತಾಡ್ತಾರೆ. ನಿಮ್ಮಪ್ಪನೂ ಅದಕ್ಕೇ ಬರ್ತಿದ್ದಿದ್ದು. ನಮಗೆಲ್ಲ ಕಾಫಿ ಮಾಡ್ಕೊಡ್ತಿದ್ರು. ಬೇರೇನೂ ಇರಲಿಲ್ಲ. ದೇವರಾಣೆ."

ಆನ್ನುಕ್ಕಾ ಮತ್ತೆ ಹತ್ತಿರ ಬಂದಳು.

"ಮತ್ತೆ ಅಮ್ಮಂಗೆ ಯಾಕೆ ಹೇಳಲಿಲ್ಲ? ಅವರೂ ಹೇಳಲಿಲ್ಲ, ನೀವೂ ಹೇಳಲಿಲ್ಲ."

"ನಾಚಿಕೆ ಆಗ್ತಿತ್ತಮ್ಮ. ಇಬ್ಬರಿಗೂ."

ಅದಕ್ಕಿಂತ ದೊಡ್ಡ ಕಾರಣ ಅವಳ ಬಳಿ ಇರಲಿಲ್ಲ. ಆನ್ನುಕ್ಕಾ ಕೋಟು ಎಳೆದುಕೊಂಡು, ಗುಂಡಿಯನ್ನೂ ಹಾಕದೆ ಹೊರಗೆ ಹೋದಳು. ತೆಲ್ಲೆರ್ವೊ ಕಿಟಕಿಯ ಬಳಿ ನಿಂತಳು. ಎದುರಿನ ಸ್ಮಶಾನದಲ್ಲಿ ಆನ್ನುಕ್ಕಾಳ ಅಪ್ಪ ಅಮ್ಮನನ್ನು ಅಕ್ಕಪಕ್ಕದಲ್ಲೇ ಮಲಗಿಸಿದ್ದರು. ಹೊಸ ಮಣ್ಣನ್ನು ದಾಟಿ ಆನ್ನುಕ್ಕಾ ಅಮ್ಮನ ಕಡೆ ಮಂಡಿಯೂರಿದಳು, ಕಲ್ಲಿನ ಮೇಲಿನ ಹಿಮವನ್ನು ಬರಿಗೈಯಲ್ಲಿ ಒರೆಸಿದಳು, ಬಾಗಿ ಏನೋ ಹೇಳತೊಡಗಿದಳು. ಬಹಳ ಹೊತ್ತು ಹೇಳುತ್ತಲೇ ಇದ್ದಳು.