ಹೆವಿ ಮೆಟಲ್ ಕಛೇರಿಯ ಅಧ್ಯಕ್ಷರು

ನನಗೊಂದು ಕಾಯಿಲೆಯಿದೆ. ಯಾರಾದರೂ ಮನೆಗೆ ಬಂದು "ಸಾರ್, ತಾವು ಅಧ್ಯಕ್ಷತೆ ವಹಿಸ್ಬೇಕು" ಅಂದರೆ ಇಲ್ಲ ಅನ್ನಲು ಬಾಯಿ ಬರುವುದಿಲ್ಲ. ಯಾವ ಸಭೆ, ಏನು ವಿಷಯ ಎಂದು ವಿಚಾರಿಸುವ ಮೊದಲೇ ತಲೆ ತಾನಾಗಿ ಆಡಿಬಿಟ್ಟಿರುತ್ತದೆ. ತುಮಕೂರಿನ ಪಿಯು ಕಾಲೇಜೊಂದರಲ್ಲಿ ಮೂವತ್ತು ವರ್ಷ ಕನ್ನಡ ಪಾಠ ಹೇಳಿ ನಿವೃತ್ತನಾದ ಮೇಲಂತೂ ಇದು ಉಲ್ಬಣಿಸಿದೆ. ಸೀಮೆಹಸು ಸಾಕಣೆ, ಮಧುಮೇಹ ಜಾಗೃತಿ, ಹೊಲಿಗೆ ಯಂತ್ರ ವಿತರಣೆ, ಎಲ್ಲಕ್ಕೂ ನಾನೇ ಅಧ್ಯಕ್ಷ. ಎಲ್ಲ ಕಡೆಯೂ ಒಂದೇ ಭಾಷಣ. ಹಸು ಇದ್ದಲ್ಲಿ ಹಸು, ಸಕ್ಕರೆ ಇದ್ದಲ್ಲಿ ಸಕ್ಕರೆ ಎಂದು ಬದಲಾಯಿಸಿಕೊಂಡರಾಯಿತು. ಇದರ ಫಲವಾಗಿ ಮನೆಯಲ್ಲಿ ಸನ್ಮಾನದ ಶಾಲುಗಳು ರಾಶಿ ಬಿದ್ದಿವೆ. ನನ್ನ ಹೆಂಡತಿ ಒಂದನ್ನು ಇನ್ವರ್ಟರಿಗೂ ಒಂದನ್ನು ಮಿಕ್ಸಿಗೂ ಹೊದಿಸಿದ್ದಾಳೆ. ಶಾಲು ಹೊದ್ದ ಮಿಕ್ಸಿ ಥೇಟ್ ನನ್ನ ಹಾಗೇ ಕಾಣುತ್ತದೆ. ಮಿಕ್ಸಿಯಿಂದ ಮನೆಗೆ ಉಪಯೋಗವಿದೆ ಎಂಬುದೊಂದು ವ್ಯತ್ಯಾಸ.

ಹೀಗಿರುವಾಗ ನನ್ನ ಅಕ್ಕನ ಮಗಳು ಚಂದನಾ ಬಂದು, "ಮಾವ, ನಮ್ ಬ್ಯಾಂಡ್ ಶೋಗೆ ನೀವೇ ಅಧ್ಯಕ್ಷರು" ಅಂದಾಗಲೂ ತಲೆ ಎಂದಿನಂತೆ ಆಡಿತು. ಬ್ಯಾಂಡ್ ಎಂದರೆ ಮದುವೆ ಮೆರವಣಿಗೆಯಲ್ಲಿ ಕೆಂಪು ಕೋಟು ತೊಟ್ಟು ಊದುವವರು ಎಂಬುದಷ್ಟೇ ನನ್ನ ತಿಳಿವಳಿಕೆ. ಚಂದನಾ ಗುಬ್ಬಿಯವಳು. ದಿನಾ ವಸಂತನರಸಾಪುರದ ಫ್ಯಾಕ್ಟರಿಗೆ ಹೋಗಿ ಬೋಲ್ಟು ನಟ್ಟುಗಳ ಅಳತೆ ಸರಿಯಿದೆಯೇ ಎಂದು ನೋಡುವುದು ಅವಳ ಕೆಲಸ. ಅಲ್ಲೇ ಒಂದು ಖಾಲಿ ಶೆಡ್ಡಿನಲ್ಲಿ ಅವಳೂ ಮೂವರು ಹುಡುಗರೂ ಸೇರಿ ಎರಡು ವರ್ಷದಿಂದ ಹೆವಿ ಮೆಟಲ್ ಸಂಗೀತ ಅಭ್ಯಾಸ ಮಾಡುತ್ತಿದ್ದರಂತೆ. ಪಕ್ಕದ ಶೆಡ್ಡಿನಲ್ಲಿ ತಗಡು ಒತ್ತುವ ಯಂತ್ರ ಇಪ್ಪತ್ತನಾಲ್ಕು ಗಂಟೆಯೂ ಬಡಿಯುತ್ತಿರುವುದರಿಂದ ಇವರ ಸದ್ದು ಯಾರ ಗಮನಕ್ಕೂ ಬಂದಿರಲಿಲ್ಲ. ತಂಡದ ಹೆಸರು ಬೂದಿಗುಡ್ಡೆ.

ಅಂಥ ತಂಡಕ್ಕೆ ಅಧ್ಯಕ್ಷರು ಯಾಕೆ ಬೇಕು ಎಂದು ನೀವು ಕೇಳಬಹುದು. ಶಿರಾ ಗೇಟಿನ ಹತ್ತಿರದ ಸಮುದಾಯ ಭವನದವರು ಸಾಂಸ್ಕೃತಿಕ ಕಾರ್ಯಕ್ರಮಕ್ಕಾದರೆ ಮಾತ್ರ ಹಾಲ್ ಕೊಡುತ್ತಾರೆ. ಸಾಂಸ್ಕೃತಿಕ ಎಂದರೇನು ಎಂಬ ಬಗ್ಗೆ ಸಮಿತಿಗೆ ಯಾವ ಗೊಂದಲವೂ ಇಲ್ಲ: ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಅಧ್ಯಕ್ಷರ ನುಡಿ, ವಂದನಾರ್ಪಣೆ, ಕೊನೆಗೆ ಉಪಾಹಾರ. ಇವಿಷ್ಟರ ನಡುವೆ ನೀವು ಏನನ್ನು ಬೇಕಾದರೂ ತುರುಕಿಕೊಳ್ಳಿ. ಸಂಜೆ ನಾಲ್ಕಕ್ಕೆ ಅಲ್ಲೊಂದು ಲಗ್ನಪತ್ರಿಕೆ ಶಾಸ್ತ್ರವಿದ್ದುದರಿಂದ ಹೆವಿ ಮೆಟಲ್‌ಗೆ ಭಾನುವಾರ ಬೆಳಗ್ಗೆ ಹನ್ನೊಂದರ ಮುಹೂರ್ತ ಸಿಕ್ಕಿತು.

ಅಧ್ಯಕ್ಷತೆಯ ಜೊತೆಗೆ ಚಂದನಾ ನನ್ನ ತಲೆಗೆ ಇನ್ನೊಂದು ಹೊರೆ ಕಟ್ಟಿದಳು. "ಅಪ್ಪಂಗೆ ನೀವೇ ಹೇಳ್ಬೇಕು ಮಾವ. ನಾನ್ ಹಾಡ್ತೀನಿ ಅಂತ ಗೊತ್ತಾಗಿ ಒಂದು ವಾರದಿಂದ ಮನೇಲಿ ಮಾತೇ ಇಲ್ಲ."

ಅವಳಪ್ಪ, ನನ್ನ ಭಾವ, ಗುಬ್ಬಿ ಸುತ್ತಮುತ್ತ ಪೌರಾಣಿಕ ನಾಟಕಗಳಲ್ಲಿ ರಾಕ್ಷಸನ ಪಾತ್ರಕ್ಕೆ ಹೆಸರಾದವರು. ಅವರು ಪರದೆಯ ಹಿಂದಿನಿಂದ ಒಮ್ಮೆ ಆರ್ಭಟಿಸಿದರೆ ಮುಂದೆ ಕೂತ ಮಕ್ಕಳು ಎದ್ದು ಹಿಂದಕ್ಕೆ ಓಡುತ್ತಿದ್ದವು. ಮೂರು ವರ್ಷದ ಹಿಂದೆ ಒಂದು ನಾಟಕದ ಮಧ್ಯೆ ಅವರ ದನಿ ಒಡೆದುಹೋಯಿತು. ಗಂಟಲೊಳಗೆ ಗಂಟಾಗಿದೆ, ಇನ್ನು ಕೂಗುವಂತಿಲ್ಲ ಎಂದರು ಡಾಕ್ಟರು. ಆಪರೇಷನ್ ಆಯಿತು, ಗಂಟು ಹೋಯಿತು, ದನಿ ಮಾತ್ರ ಹಿಂತಿರುಗಲಿಲ್ಲ. ಅಂದಿನಿಂದ ಅವರು ಕುತ್ತಿಗೆಗೆ ಮಫ್ಲರ್ ಸುತ್ತಿಕೊಂಡು, ಗುಟ್ಟು ಹೇಳುವವರಂತೆ ಮಾತಾಡುತ್ತಾರೆ. ಉಪ್ಪಿನಕಾಯಿ ಬಡಿಸು ಎಂಬುದು ಕೂಡ ಅವರ ಬಾಯಲ್ಲಿ ರಾಜರಹಸ್ಯವಾಗಿ ಕೇಳಿಸುತ್ತದೆ.

ಗುಬ್ಬಿಗೆ ಹೋಗಿ ಭಾವನ ಮುಂದೆ ಕೂತು, ನಾನು ಸಂಗೀತ, ಯುವಜನತೆ, ಕಾಲಧರ್ಮ ಎಂದೆಲ್ಲ ಅರ್ಧ ಗಂಟೆ ಕೊರೆದೆ. ಅವರು ಮಫ್ಲರ್ ಸಡಿಲಿಸಿಕೊಂಡು ಪಿಸುಗುಟ್ಟಿದರು: "ನೀನ್ ಹೇಳ್ತಿದೀಯ ಅಂತ ಒಪ್ಕೊಂತೀನಿ ಕಣಯ್ಯಾ. ಭಾನುವಾರ ನಾನೇ ಬಂದು ನೋಡ್ತೀನಿ. ನಂಗೆ ಸರಿ ಕಾಣ್ಲಿಲ್ಲ ಅಂದ್ರೆ ಅವತ್ತಿಗೇ ಮುಗೀತು. ಆಮೇಲೆ ಅವ್ಳೂ ಕೇಳ್ಬಾರ್ದು, ನೀನೂ ಕೇಳ್ಬಾರ್ದು."

ಬಾಗಿಲಲ್ಲಿ ನಿಂತಿದ್ದ ಚಂದನಾ "ಆಯ್ತಪ್ಪ" ಅಂದಳು. ಅವಳ ಮುಖ ನೋಡಿ ನನಗೆ ನಿಜಕ್ಕೂ ಭಯವಾಯಿತು. ನಮ್ಮ ಮನೆತನದಲ್ಲಿ ಮಾತಿಗೆ ತಪ್ಪದವಳು ಅವಳೊಬ್ಬಳೇ. ನಿಲ್ಲಿಸು ಎಂದರೆ ನಿಲ್ಲಿಸಿಯೇ ಬಿಡುತ್ತಾಳೆ, ಆಮೇಲೆ ಜೀವನಪೂರ್ತಿ ಬರೀ ಬೋಲ್ಟು ಅಳೆಯುತ್ತಾಳೆ.

ಭಾವನಿಗೆ ಸರಿ ಕಾಣದಿರುವುದು ಯಾವುದು ಎಂಬುದರ ಬಗ್ಗೆ ನನಗೆ ಸಂಶಯವೇ ಇರಲಿಲ್ಲ. ಹೆಣ್ಣುಮಗಳು, ಕಪ್ಪು ಬಟ್ಟೆ, ಕೆದರಿದ ಕೂದಲು, ನಾಲ್ಕು ಜನ ಏನಂದುಕೊಂಡಾರು, ಇತ್ಯಾದಿ. ಹಾಗಾಗಿ ಒಂದು ವಾರ ಕೂತು ಭಾಷಣ ಬರೆದೆ. ನವರಸಗಳಲ್ಲಿ ರೌದ್ರಕ್ಕೂ ಸ್ಥಾನವಿದೆ. ನಮ್ಮ ಆಲಂಕಾರಿಕರು ಶೃಂಗಾರಕ್ಕೆ ಹಾಕಿದ ಎಲೆಯನ್ನೇ ಬೀಭತ್ಸಕ್ಕೂ ಹಾಕಿ ಊಟಕ್ಕೆ ಕೂರಿಸಿದ್ದಾರೆ. ವೀರಗಾಸೆಯವರು ಕತ್ತಿ ಹಿಡಿದು ಒಡಪು ಹೇಳುವಾಗ ಯಾರಾದರೂ 'ಸ್ವಲ್ಪ ಇಂಪಾಗಿ ಹೇಳಪ್ಪ' ಎನ್ನುತ್ತಾರೆಯೇ? ಬರೆದದ್ದನ್ನು ಓದಿಕೊಂಡಾಗ ನನಗೇ ರೋಮಾಂಚನವಾಯಿತು.

ಭಾನುವಾರ ಹಾಲ್ ತುಂಬಿತ್ತು. ಮುಂದಿನ ಸೋಫಾಗಳಲ್ಲಿ ಸಮಿತಿಯ ಹಿರಿಯರು, ಅವರ ಪಕ್ಕದಲ್ಲಿ ಅಕ್ಕ, ಭಾವ. ಹಿಂದಿನ ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕಪ್ಪು ಅಂಗಿಯ ಹುಡುಗ ಹುಡುಗಿಯರು. ಅವರೆಲ್ಲ ಎದ್ದು ನಿಂತು ಕುಣಿಯುವ ಲೆಕ್ಕಾಚಾರದಲ್ಲಿ ಬಂದವರು. ಸಮಿತಿಯ ಕಾರ್ಯದರ್ಶಿಗಳು ಮೈಕಿನಲ್ಲಿ, "ಯಾರೂ ಕುರ್ಚಿ ಬಿಟ್ಟು ಏಳ್ಬಾರ್ದು, ಕುರ್ಚಿ ಬಾಡಿಗೇದು" ಎಂದು ಮೊದಲೇ ಘೋಷಿಸಿಬಿಟ್ಟರು. ಚಂದನಾಳ ಟೀ ಶರ್ಟಿನ ಮೇಲೆ ದೊಡ್ಡ ತಲೆಬುರುಡೆ. ಕಾರ್ಯದರ್ಶಿಗಳು ಹುಬ್ಬು ಗಂಟಿಕ್ಕಿ, "ಇದೇನಮ್ಮಾ?" ಅಂದರು.

"ಸ್ಮಶಾನ ಸಾರ್. ಶಿವನ ಜಾಗ," ಅಂದಳು.

ಮೂರು ಬೆರಳು ವಿಭೂತಿ ಧರಿಸಿದ್ದ ಅವರು ತಲೆಯಾಡಿಸಿ ಹೋಗಿ ಕೂತರು. ಪ್ರಾರ್ಥನೆಯನ್ನೂ ಚಂದನಾಳೇ ಹಾಡಿದಳು, ಜೇನಿನಂಥ ದನಿಯಲ್ಲಿ. ಸೋಫಾದವರು ತಲೆದೂಗಿದರು. ಮುಂದೇನು ಕಾದಿದೆ ಎಂದು ಪಾಪ ಅವರಿಗೆ ತಿಳಿಯದು.

ಆಮೇಲೆ ನಾನು ಎದ್ದೆ. ಹತ್ತು ನಿಮಿಷಕ್ಕೆ ಹುಡುಗರು ಜೋರಾಗಿ ಚಪ್ಪಾಳೆ ತಟ್ಟಿದರು. ಉತ್ತೇಜಿತನಾಗಿ ಮುಂದುವರಿಸಿದೆ. ಹದಿನೈದಕ್ಕೆ ಶಿಳ್ಳೆಯೂ ಬಂತು. ಇಷ್ಟು ರಸಿಕರಾದ ಯುವಕರನ್ನು ನಾನು ತರಗತಿಯಲ್ಲಿ ಕಂಡಿರಲಿಲ್ಲ. ಆ ಚಪ್ಪಾಳೆ ನಾನು ಮಾತು ನಿಲ್ಲಿಸಲಿ ಎಂಬುದಕ್ಕೆ ಎಂದು ನನ್ನ ಕಿವಿಯಲ್ಲಿ ಉಸುರಿದವನು ಡ್ರಮ್ಸ್ ಬಾರಿಸುವ ಕುಣಿಗಲ್ಲಿನ ಹುಡುಗ. ಭಾವನ ಕಡೆ ನೋಡಿದೆ. ರೌದ್ರರಸದ ಒಂದು ಹನಿಯೂ ಅವರನ್ನು ಮುಟ್ಟಿದಂತೆ ಕಾಣಲಿಲ್ಲ.

ನಾನು ಕುರ್ಚಿಗೆ ಬೆನ್ನು ಆನಿಸುವುದಕ್ಕೂ ಮೊದಲ ಪೆಟ್ಟು ಬೀಳುವುದಕ್ಕೂ ಸರಿಹೋಯಿತು. ಅಧ್ಯಕ್ಷನಾದ್ದರಿಂದ ವೇದಿಕೆಯ ಮೇಲೇ, ಸ್ಪೀಕರಿನ ಪಕ್ಕದಲ್ಲೇ ನನ್ನ ಆಸನ. ಸದ್ದನ್ನು ಕಿವಿಯಿಂದ ಕೇಳುತ್ತೇವೆ ಎಂದು ಇಷ್ಟು ದಿನ ನಂಬಿದ್ದೆ. ಅದು ಅಂಗಾಲಿನಿಂದ ಹತ್ತಿ, ಮಂಡಿ ಸವರಿ, ಹೊಟ್ಟೆಯೊಳಗಿನ ಇಡ್ಲಿಯನ್ನು ಮಾತಾಡಿಸಿ, ಹೊಸದಾಗಿ ಕಟ್ಟಿಸಿದ ಹಲ್ಲಿಗೆ ಬಂದು ನಿಂತಿತು. ಮದುವೆಯಲ್ಲಿ ತಾಳಿ ಕಟ್ಟುವ ಹೊತ್ತಿಗೆ ಗಟ್ಟಿಮೇಳ ಎಂದು ಕೂಗುತ್ತಾರಲ್ಲ, ಯಾರದೋ ಸೀನು, ಯಾರದೋ ಅಪಶಕುನದ ಮಾತು ಕಿವಿಗೆ ಬೀಳದಿರಲಿ ಎಂದು ವಾಲಗದವರು ಜೀವ ಬಿಟ್ಟು ಬಾರಿಸುತ್ತಾರಲ್ಲ, ಇದು ಒಂದು ಗಂಟೆ ಬಿಡುವಿಲ್ಲದ ಗಟ್ಟಿಮೇಳ. ತಾಳಿಯೊಂದು ಇರಲಿಲ್ಲ. ಹೇಳಲು ನಾಚಿಕೆಯಾಗುತ್ತದೆ, ಎರಡನೆಯ ಹಾಡಿನ ಹೊತ್ತಿಗೆ ನನಗೆ ಹಿತವಾಗತೊಡಗಿತು. ನಿವೃತ್ತಿಯಾದಾಗಿನಿಂದ ತಲೆಯೊಳಗೆ ಕಿರಿಕಿರಿ ಮಾಡುತ್ತಿದ್ದ ಚಿಲ್ಲರೆ ಯೋಚನೆಗಳಿಗೆಲ್ಲ ಅಂದು ಮೊದಲ ಬಾರಿಗೆ ಬಾಯಿ ಮುಚ್ಚಬೇಕಾಯಿತು.

ಚಂದನಾ ಹಾಡುತ್ತಿದ್ದಳು. ಹಾಡು ಎಂದರೆ ಎಂಥದು, ಹೇಳುತ್ತೇನೆ. ಶಿರಾ ಗೇಟಿನಲ್ಲಿ ರಸ್ತೆ ದಾಟಲು ನಿಂತು ನಿಂತು ಹುಚ್ಚಾದವನ ಕೋಪ ಅದರ ವಸ್ತು. ಕಾಗದದ ಮೇಲೆ ಓದಿದಾಗ ಸಾಧಾರಣವಾಗಿತ್ತು. ಈಗ ಆ ಜೇನಿನ ದನಿಯ ಹುಡುಗಿಯ ಒಳಗಿನಿಂದ ಬಂಡೆ ಉರುಳಿದಂಥ ಒಂದು ಗರ್ಜನೆ ಬಂತು. ಒಂದಕ್ಷರವೂ ತಿಳಿಯಲಿಲ್ಲ, ಕೋಪ ಮಾತ್ರ ಪೂರ್ತಿ ತಿಳಿಯಿತು. ಸೋಫಾದ ಹಿರಿಯರೊಬ್ಬರು ಜೇಬಿನಿಂದ ಬಿಪಿ ಮಾತ್ರೆ ತೆಗೆದು ನುಂಗಿದ್ದನ್ನು ಕಣ್ಣಾರೆ ಕಂಡೆ. ಹಿಂದಿನ ಹುಡುಗರು ಬಾಡಿಗೆ ಕುರ್ಚಿಗೆ ದ್ರೋಹ ಬಗೆಯದೆ, ಕೂತಲ್ಲಿಂದಲೇ ತಲೆ ಕೊಡವುತ್ತಿದ್ದರು.

ಆಗ ಗಿಟಾರಿನ ಹುಡುಗ ಸೊಂಟದವರೆಗಿನ ಕೂದಲು ಬಿಚ್ಚಿ, ಬಗ್ಗಿ, ತಲೆಯನ್ನು ಗರಗರ ತಿರುಗಿಸತೊಡಗಿದ. ಭವನದಲ್ಲಿ ಏನೇ ನಡೆದರೂ ತಪ್ಪದೆ ಬರುವ ಅಜ್ಜಿಯೊಬ್ಬರಿದ್ದಾರೆ, ಪಕ್ಕದ ಬೀದಿಯವರು. ಅವರು ಕಕ್ಕಾಬಿಕ್ಕಿಯಾಗಿ ಎದ್ದರು. ಕೈಮುಗಿದುಕೊಂಡೇ ವೇದಿಕೆ ಹತ್ತಿದರು. ಉದ್ಘಾಟನೆಯ ತಟ್ಟೆಯಲ್ಲಿ ಉಳಿದಿದ್ದ ಕರ್ಪೂರವನ್ನು ದೀಪಕ್ಕೆ ಹಿಡಿದು ಹಚ್ಚಿ, ಹುಡುಗನ ಮುಂದೆ ನಿಂತು ಬೆಳಗಿದರು. ಹಾಡು ಮುಗಿದು ಒಂದು ಕ್ಷಣ ಸದ್ದು ನಿಂತಾಗ ಅವರ ಪ್ರಶ್ನೆ ಚಂದನಾಳ ಮೈಕಿನಲ್ಲಿ ಹಾಲಿಗೆಲ್ಲ ಕೇಳಿಸಿತು:

"ಯಾವ್ ದೇವ್ರಪ್ಪಾ ಬಂದಿರೋದು? ಏನ್ ಬೇಕು ಕೇಳಪ್ಪಾ, ಕೊಡ್ತೀವಿ. ಮಗೀನ್ ಮೈ ಬುಟ್ ಹೋಗು."

ಹುಡುಗ ಒಳ್ಳೆಯ ಮನೆಯವನು. ಆರತಿಯನ್ನು ಕಣ್ಣಿಗೊತ್ತಿಕೊಂಡು, ಅಜ್ಜಿಯ ಕಾಲಿಗೆ ನಮಸ್ಕರಿಸಿ, "ಇನ್ ಮೂರ್ ಹಾಡಿದೆ ಅಜ್ಜಿ, ಆಮೇಲ್ ಹೋಗುತ್ತೆ" ಅಂದ. ಹಾಲಿಗೆ ಹಾಲೇ ಎದ್ದು ನಿಂತು ಶಿಳ್ಳೆ ಹೊಡೆಯಿತು. ಕುರ್ಚಿಗಳ ವಿಷಯ ಕಾರ್ಯದರ್ಶಿಗಳಿಗೂ ಮರೆತುಹೋಗಿತ್ತು. ನಗದೆ ಕೂತಿದ್ದವರು ಒಬ್ಬರೇ. ಭಾವ ಬಂದಾಗಿನಿಂದ ಕಣ್ಣು ಮಿಟುಕಿಸದೆ ಮಗಳ ಕುತ್ತಿಗೆಯನ್ನೇ ನೋಡುತ್ತಿದ್ದರು. ಮುಗಿಯಿತು ಕಥೆ ಅಂದುಕೊಂಡೆ.

ಕಾರ್ಯಕ್ರಮ ಮುಗಿದು ಊಟದ ಹಾಲಿನಲ್ಲಿ ಉಪ್ಪಿಟ್ಟು, ಕೇಸರಿಬಾತ್ ಹಂಚುತ್ತಿದ್ದರು. ಚಂದನಾ ಬೆವರು ಒರೆಸಿಕೊಳ್ಳುತ್ತಾ ಬಂದು ಅಪ್ಪನ ಮುಂದೆ ನಿಂತಳು. ನಾನು ಕೇಸರಿಬಾತಿನ ತಟ್ಟೆ ಹಿಡಿದುಕೊಂಡು ಅವಳ ಪಕ್ಕಕ್ಕೆ ಸರಿದೆ. ರೌದ್ರರಸದ ಉಳಿದ ನಾಲ್ಕು ಪುಟ ಜೇಬಿನಲ್ಲಿ ಸಿದ್ಧವಾಗಿತ್ತು. ಭಾವ ಪಂಚೆಯ ಮಡಿಕೆಯಿಂದ ಒಂದು ಸಣ್ಣ ಟಾರ್ಚು ತೆಗೆದರು.

"ಬಾಯ್ ತೆಗಿ," ಅಂದರು.

"ಅಪ್ಪಾ?"

"ತೆಗೀಮ್ಮ. ಆ ಅನ್ನು."

ಉಪ್ಪಿಟ್ಟು ತಿನ್ನುತ್ತಿದ್ದ ಅಷ್ಟೂ ಜನರ ಎದುರಿಗೆ, ತಲೆಬುರುಡೆಯ ಟೀ ಶರ್ಟಿನ ಗಾಯಕಿ ಬಾಯಿ ಅಗಲಿಸಿ "ಆ" ಅಂದಳು. ಭಾವ ಟಾರ್ಚು ಬಿಟ್ಟು, ಬಗ್ಗಿ, ಆ ಕಡೆ ಈ ಕಡೆ ವಾಲಿ ಗಂಟಲೊಳಗೆ ನೋಡಿದರು. ಎಷ್ಟು ಹೊತ್ತು ನೋಡಿದರೆಂದರೆ ಬಡಿಸುವವನು ಸೌಟು ಹಿಡಿದು ಹಾಗೇ ನಿಂತುಬಿಟ್ಟ.

"ಕೆಂಪಾಗಿಲ್ಲ," ಎಂದು ಪಿಸುಗುಟ್ಟಿದರು. "ಉರಿ ಐತಾ?"

"ಇಲ್ಲಪ್ಪ."

"ಸುಳ್ಳು ಹೇಳ್ಬೇಡ. ಉಗುಳು ನುಂಗು. ನೋಯ್ತದಾ?"

"ದೇವ್ರಾಣೆ ಇಲ್ಲ. ನಾನು ಗಂಟಲಿಂದ ಕೂಗಲ್ಲಪ್ಪ. ಹೊಟ್ಟೆಯಿಂದ ಉಸ್ರು ತಳ್ತೀನಿ. ಒಂದ್ ವರ್ಷ ಬರೀ ಉಸಿರಾಟಾನೇ ಕಲ್ತಿದೀನಿ."

ನಾನು ಕೇಸರಿಬಾತನ್ನು ನೋಡುತ್ತಾ ನಿಂತೆ. ಮೂವತ್ತು ವರ್ಷ ಸಾಹಿತ್ಯ ಬೋಧಿಸಿದ ನನಗೆ ಎದುರಿಗಿದ್ದ ಮನುಷ್ಯನ ಭಯ ಯಾವುದು ಎಂದು ಗೊತ್ತಾಗಿರಲಿಲ್ಲ. ಅವರಿಗೆ ಬಟ್ಟೆಯ ಚಿಂತೆಯಿರಲಿಲ್ಲ, ನಾಲ್ಕು ಜನರ ಚಿಂತೆಯಿರಲಿಲ್ಲ, ರಸದ ಚಿಂತೆ ಮೊದಲೇ ಇರಲಿಲ್ಲ. ತನ್ನ ಹಾಗೆ ಮಗಳೂ ಒಂದು ದಿನ ವೇದಿಕೆಯ ಮೇಲೆ ಬಾಯಿ ತೆರೆದು, ದನಿಯೇ ಬರದೆ ನಿಂತುಬಿಟ್ಟರೆ ಎಂಬುದೊಂದೇ ಅವರ ಭಯ. ನನಗೆ ಅವಮಾನವಾಯಿತು, ದುಃಖವೂ ಆಯಿತು. ಭಾಷಣವನ್ನು ಜೇಬಿನೊಳಗೇ ಹಿಸುಕಿದೆ.

ಭಾವ ಟಾರ್ಚು ಆರಿಸಿದರು. "ನೀನೇನ್ ಕೂಗ್ದೆ ಅಂತ ಒಂದೂ ತಿಳೀಲಿಲ್ಲ. ಅದು ಹಾಳಾಗೋಗ್ಲಿ. ಹಾಡ್ಕೋ." ಅದನ್ನು ಪಂಚೆಯ ಮಡಿಕೆಗೆ ಸಿಕ್ಕಿಸುತ್ತಾ ಅಂದರು: "ಆಪರೇಷನ್ ಆದ್ಮೇಲೆ ಆಸ್ಪತ್ರೇಲಿ ದನಿ ಕಲ್ಸೋ ಮೇಡಮ್ಮು ಒಬ್ಳು ನಂಗೂ ಇದೇ ಹೊಟ್ಟೆ ಉಸಿರು ಅಂತ ಹೇಳಿದ್ಲು. ರಾಕ್ಷಸನ್ ಪಾರ್ಟು ಮಾಡೋನ್ಗೆ ಉಸಿರಾಡೋದು ಕಲಿಸ್ತಾಳಲ್ಲ ಅಂತ ಎದ್ದು ಬಂದ್ಬಿಟ್ಟೆ."

ಚಂದನಾ ಅಪ್ಪನ ಕೈ ತೆಗೆದು ತನ್ನ ಹೊಟ್ಟೆಯ ಮೇಲಿಟ್ಟುಕೊಂಡು, "ಇಲ್ ನೋಡಿ ಅಪ್ಪ, ಹಿಂಗೆ" ಅಂದಳು.

ಇದಾಗಿ ಮೂರು ತಿಂಗಳಾದ ಮೇಲೆ ಒಂದು ಬೆಳಗ್ಗೆ ಗುಬ್ಬಿಗೆ ಹೋಗಿದ್ದೆ. ಭಾವ ನಡುಮನೆಯಲ್ಲಿ ಚಾಪೆಯ ಮೇಲೆ ಅಂಗಾತ ಮಲಗಿದ್ದರು. ಹೊಟ್ಟೆಯ ಮೇಲೊಂದು ಪಂಚಾಂಗ. ಅದು ಏರುತ್ತಿತ್ತು, ಇಳಿಯುತ್ತಿತ್ತು. ಪಕ್ಕದಲ್ಲಿ ಗುರುಪೀಠ ಅಲಂಕರಿಸಿದ್ದ ಮಗಳು, "ಭುಜ ಎತ್ಬೇಡಿ, ಪಂಚಾಂಗ ಎತ್ತಿ" ಎಂದು ಗದರುತ್ತಿದ್ದಳು. ಡಾಕ್ಟರನ್ನೂ ಆ ಮೇಡಮ್ಮನ್ನೂ ಕಂಡು, ತಪ್ಪಾಯ್ತೆಂದು ಒಪ್ಪಿಕೊಂಡು ಬಂದಾಗಿದೆಯಂತೆ. ಎದ್ದು ಕೂತು ಭಾವ ಮಫ್ಲರ್ ಬಿಚ್ಚಿಟ್ಟರು. ಕಣ್ಣು ಮುಚ್ಚಿ, ಉಸಿರು ತುಂಬಿಕೊಂಡು, ಒಂದು ಸದ್ದು ಹೊರಡಿಸಿದರು. ಹಳೆಯ ಆರ್ಭಟವಲ್ಲ. ಕೆಳಗಿನಿಂದ, ತಳದಿಂದ ಬಂದ, ತುಸು ಒರಟಾದ, ಆದರೆ ಗೋಡೆಯ ಕ್ಯಾಲೆಂಡರನ್ನು ಅಲುಗಿಸುವಂಥ ಸದ್ದು.

ಅಡುಗೆಮನೆಯಿಂದ ಅಕ್ಕ, "ಮೆಲ್ಲುಗ್ ಕೂಗ್ರೀ! ಬೀದಿಗೆಲ್ಲ ಕೇಳ್ತದೆ!" ಅಂದಳು.

ಮದುವೆಯಾದ ದಿನದಿಂದ ಅವಳು ದಿನಕ್ಕೆ ಹತ್ತು ಸಲ ಆಡುತ್ತಿದ್ದ ಮಾತದು. ಮೂರು ವರ್ಷದಿಂದ ಆಡುವ ಅಗತ್ಯವೇ ಬಿದ್ದಿರಲಿಲ್ಲ. ಆಡಿದ ಮೇಲೆ ಅವಳಿಗೂ ಅದು ಹೊಳೆದಿರಬೇಕು. ಸೌಟಿನ ಸದ್ದು ನಿಂತಿತು. ಒಲೆಯ ಮೇಲೆ ಹಾಲು ಉಕ್ಕಿದ ವಾಸನೆ ಬಂದರೂ ಯಾರೂ ಏಳಲಿಲ್ಲ. ಭಾವ ಮಗಳ ಮುಖ ನೋಡಿದರು. ಮತ್ತೆ ಉಸಿರು ತುಂಬಿಕೊಂಡು, ಈ ಸಲ ಬೇಕೆಂದೇ, ಇನ್ನೂ ಜೋರಾಗಿ ಕೂಗಿದರು.