ಮರದ ಮೇಲಿದ್ದ ಕಾಲು

ದೆವ್ವ, ಆತ್ಮ ಎಂದೆಲ್ಲ ಮಾತಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಈಗಲೂ ಅಷ್ಟೇ. ಆದರೂ ಇದನ್ನು ಬರೆಯುತ್ತಿದ್ದೇನೆ. ನಂಬುವುದು ಬಿಡುವುದು ನಿಮಗೆ ಸೇರಿದ್ದು.

ಶ್ರೀನಿವಾಸಪುರದಲ್ಲಿ ನಮ್ಮದು ಮರಗೆಲಸದ ಅಂಗಡಿ. ನಮ್ಮ ಕಡೆ ಬಡಗಿಗಳು ನೆಲದ ಮೇಲೆ ಕೂತು, ಮರ ಅಲುಗದಂತೆ ಕಾಲಿನಿಂದ ಒತ್ತಿ ಹಿಡಿದು ಉಳಿ ಹೊಡೆಯುತ್ತಾರೆ. ಹೆಣ್ಣಿನ ಕಾಲು ಮರಕ್ಕೆ ತಾಗಬಾರದು ಎಂಬುದು ಅಪ್ಪನ ಹಟ. ಅವರು ಹೊರಗೆ ಹೋದಾಗಲೆಲ್ಲ ನಾನು ಮರಕ್ಕೆ ಕಾಲು ಕೊಟ್ಟೇ ಕೆಲಸ ಕಲಿತೆ. ಗೊತ್ತಾದ ದಿನದಿಂದ ನನ್ನೊಂದಿಗೆ ಮಾತು ಬಿಟ್ಟರು. ಹಾಗೆಯೇ ತೀರಿಕೊಂಡರು.

ಮರುವರ್ಷ ದುಬೈನ ಒಂದು ಫರ್ನಿಚರ್ ಕಾರ್ಖಾನೆಯ ಕೆಲಸಕ್ಕೆ ಅರ್ಜಿ ಹಾಕಿದೆ. ಊರವರು ನಕ್ಕರು. ನಗಲಿ ಎಂದುಕೊಂಡೆ. ಅಲ್ಲಿನ ಮೇಸ್ತ್ರಿ ಮುಳಬಾಗಿಲಿನವರು. ವಿಡಿಯೋ ಕಾಲ್‌ನಲ್ಲೇ ಪರೀಕ್ಷೆ. ಮೊಳೆ, ಗೋಂದು ಇಲ್ಲದೆ ಕುರ್ಚಿಯ ಕಾಲಿಗೆ ಅಡ್ಡಪಟ್ಟಿ ಕೂಡಿಸಿ ತೋರಿಸಬೇಕು. ಬೇರೆ ಯಾರಾದರೂ ಕೈ ಹಾಕಿದರೆ ಕೆಲಸ ಇಲ್ಲ.

ಮಟಮಟ ಮಧ್ಯಾಹ್ನ. ಅಂಗಡಿಯಲ್ಲಿ ನಾನೊಬ್ಬಳೇ. ಬಾಗಿಲು ಹಾಕಿ, ಫೋನನ್ನು ನೆಲದ ಮೇಲೆ ಒರಗಿಸಿಟ್ಟು, ಮಾವಿನ ಮರದ ತುಂಡಿಗೆ ಉಳಿ ಇಟ್ಟೆ. ಸ್ವಲ್ಪ ಹೊತ್ತಿಗೆ ಮೇಸ್ತ್ರಿಯ ದನಿ ಬಿರುಸಾಯಿತು.

“ಏನಮ್ಮಾ ಇದು? ಆ ತಾತಂಗೆ ಮರದ ಮೇಲಿಂದ ಕಾಲು ತೆಗೆಯಕ್ಕೆ ಹೇಳು. ನಾನು ನೋಡ್ಬೇಕಾಗಿರೋದು ನಿನ್ನ ಕೆಲಸ.”

“ಇಲ್ಲಿ ಯಾರೂ ಇಲ್ಲ ಸಾರ್.”

“ಪಂಚೆ ಎತ್ತಿ ಕಟ್ಕೊಂಡವ್ರೆ, ಕಾಣ್ತಾ ಐತಲ್ಲಮ್ಮ! ಇಂಗೆ ಮಾಡಿದ್ರೆ ಫೋನ್ ಇಡ್ತೀನಿ.”

ಆಗ ಗಮನಿಸಿದೆ. ಮರದ ಈ ತುದಿಯನ್ನು ಮಾತ್ರ ನಾನು ಒತ್ತಿದ್ದೆ. ಅಷ್ಟು ಹೊಡೆದರೂ ಆಚೆ ತುದಿ ಒಂಚೂರೂ ಜಗ್ಗಿರಲಿಲ್ಲ. ಮೈ ಜುಂ ಎಂದಿತು. ಅದಕ್ಕಿಂತ ಹೆಚ್ಚಾಗಿ ಸಿಟ್ಟು ಬಂತು.

“ಅಪ್ಪಾ, ಕಾಲು ತೆಗಿ. ಇದು ನನ್ನ ಕೆಲಸ,” ಎಂದೆ.

ಭಾರ ಇಳಿದಂತೆ ಆಚೆ ತುದಿ ಸಣ್ಣಗೆ ಮೇಲೆದ್ದು ನೆಲಕ್ಕೆ ಬಿತ್ತು. ನನ್ನ ಇನ್ನೊಂದು ಕಾಲನ್ನು ಅಲ್ಲಿಟ್ಟೆ. ಮರ ಬೆಚ್ಚಗಿತ್ತು. ಉಳಿ ಹೊಡೆದೆ. ಪಟ್ಟಿ ಬಿಗಿಯಾಗಿ ಕೂತಿತು, ಕೆಲಸವೂ ಸಿಕ್ಕಿತು.

ದುಬೈಗೆ ಬಂದ ಮೇಲೆ ಮೇಸ್ತ್ರಿಯನ್ನು ಕೇಳಿದೆ, ಅವತ್ತು ಕಂಡ ತಾತನ ಮುಖದಲ್ಲಿ ಕೋಪ ಇತ್ತಾ ಎಂದು.

“ಮುಖ ಎಲ್ಲಿ ಕಾಣಿಸ್ತು? ಮಂಡಿ ತನಕ ಅಷ್ಟೇ. ಮುದಿ ಕಾಲು,” ಎಂದರು.

ಅಪ್ಪ ನನಗೆ ಮರ ಹಿಡಿದುಕೊಟ್ಟರೋ, ನನ್ನನ್ನು ತಡೆಯಲು ಮೆಟ್ಟಿ ನಿಂತಿದ್ದರೋ, ಇಂದಿಗೂ ತಿಳಿದಿಲ್ಲ. ಅಪ್ಪನೇ ಅಲ್ಲವೋ ಏನೋ. ಒಂದು ಮಾತ್ರ ಗೊತ್ತು. ಸಹಾಯಕ್ಕೆಂದೇ ಬಂದಿದ್ದರೂ ನಾನು ಕಾಲು ತೆಗಿ ಎಂದೇ ಹೇಳುತ್ತಿದ್ದೆ.